ಖಾಲಿ ಪರದೆ ಮತ್ತು ವೀಕ್ಷಕನ ಹಕ್ಕು

2018ರ ನವೆಂಬರ್ 1ರಂದು ಅಮೆರಿಕದ ಡಿಶ್ ನೆಟ್‌ವರ್ಕ್ ಎಂಬ ಉಪಗ್ರಹ ಟಿ.ವಿ. ಕಂಪೆನಿಯ ಚಂದಾದಾರರು ಟಿ.ವಿ. ಹಾಕಿದಾಗ ಎಚ್‌ಬಿಒ ಮತ್ತು ಸಿನೆಮ್ಯಾಕ್ಸ್ ಚಾನೆಲ್‌ಗಳು ಮಾಯವಾಗಿದ್ದವು. ಹಳೆಯ ಕರಾರು ಮುಗಿದಿತ್ತು. ಹೊಸದಕ್ಕೆ ಎರಡು ಕಡೆಯವರೂ ಒಪ್ಪಿರಲಿಲ್ಲ. ನಲವತ್ತು ವರ್ಷಗಳಿಗೂ ಹೆಚ್ಚಿನ ತನ್ನ ಇತಿಹಾಸದಲ್ಲಿ ಎಚ್‌ಬಿಒ ದರದ ಜಗಳದಿಂದ ಹೀಗೆ ಮರೆಯಾದದ್ದು ಅದೇ ಮೊದಲು. ಸರಿಯಾಗಿ ಒಂದು ತಿಂಗಳ ಹಿಂದೆ, ಅಕ್ಟೋಬರ್ 1ರಂದು, ನಮ್ಮ ದೇಶದಲ್ಲೂ ಇಂಥದೇ ಒಂದು ಘಟನೆ ನಡೆದಿತ್ತು. 2022ರಿಂದ ಟಾಟಾ ಪ್ಲೇ ಎಂದು ಕರೆಸಿಕೊಳ್ಳುತ್ತಿರುವ ಟಾಟಾ ಸ್ಕೈ, ದರದ ತಕರಾರಿನಲ್ಲಿ ಸೋನಿ ಮತ್ತು ಇಂಡಿಯಾ ಟುಡೇ ಬಳಗದ ಹಲವು ಚಾನೆಲ್‌ಗಳನ್ನು ತನ್ನ ಪ್ಯಾಕ್‌ಗಳಿಂದ ಕೈಬಿಟ್ಟಿತ್ತು. ಆಗ ಸೋನಿಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ನಡೆಯುತ್ತಿದ್ದ ಕಾಲ.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ‘ದುಡ್ಡು ಕೊಟ್ಟಿದ್ದೇವೆ, ನಮ್ಮ ಚಾನೆಲ್ ನಮಗೆ ಕೊಡಿ’ ಎಂಬ ಸಿಟ್ಟು. ಇನ್ನೊಂದು, ಆ ಸಿಟ್ಟನ್ನು ಕಂಡು ನಗುವವರ ಮಾತು: ‘ಟಿ.ವಿ. ಹೋದರೆ ಹೋಯಿತು ಬಿಡಿ, ಪುಸ್ತಕ ಓದಿ, ಮಕ್ಕಳ ಜೊತೆ ಕೂತು ಮಾತಾಡಿ. ಅನ್ನ ನೀರಿಗೆ ಗತಿಯಿಲ್ಲದವರಿರುವ ಲೋಕದಲ್ಲಿ ಧಾರಾವಾಹಿಗಾಗಿ ಅಳುವುದೇ?’ ಎರಡನೆಯ ಮಾತು ಕೇಳಲು ಹಿತವಾಗಿದೆ. ಅದರಲ್ಲಿ ಹಿರಿಯರ ಬುದ್ಧಿಮಾತಿನ ಗಾಂಭೀರ್ಯವೂ ಇದೆ. ಆದರೆ ಅದು ಒಂದು ಮುಖ್ಯ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ಕಳೆದುಕೊಂಡ ವಸ್ತು ಸಣ್ಣದಾದರೆ ಆದ ಅನ್ಯಾಯವೂ ಸಣ್ಣದೇ? ಮೋಜಿನ ವಸ್ತುವನ್ನು ಕಳೆದುಕೊಂಡವನಿಗೆ ‘ನನಗೆ ಅನ್ಯಾಯವಾಯಿತು’ ಎಂದು ಹೇಳುವ ಅಧಿಕಾರವೇ ಇಲ್ಲವೇ?

ಮೊದಲು ಈ ‘ಪ್ರೀಮಿಯಂ’ ಎಂಬುದನ್ನು ತಿಳಿದುಕೊಳ್ಳೋಣ. ಎಚ್‌ಬಿಒ ಶುರುವಾದದ್ದು 1972ರ ನವೆಂಬರ್‌ನಲ್ಲಿ, ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಎಂಬ ಊರಿನ ಕೇಬಲ್ ಮನೆಗಳಿಗಾಗಿ. 1975ರಲ್ಲಿ ಅದು ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿದಾಗ ತೋರಿಸಿದ್ದು ಮನಿಲಾದಲ್ಲಿ ನಡೆದ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜರ್ ನಡುವಿನ ಪ್ರಸಿದ್ಧ ಮುಷ್ಟಿಕಾಳಗವನ್ನು. ಅದರ ವ್ಯವಹಾರದ ತತ್ವ ಸರಳ: ಜಾಹೀರಾತು ಇಲ್ಲ, ನೋಡುವವನೇ ತಿಂಗಳಿಗಿಷ್ಟು ಎಂದು ಕೊಡಬೇಕು. ಜಾಹೀರಾತಿನಿಂದ ನಡೆಯುವ ಚಾನೆಲ್‌ನಲ್ಲಿ ನಿಜವಾದ ಗಿರಾಕಿ ಸಾಬೂನಿನ ಕಂಪೆನಿ. ಅಲ್ಲಿ ಮಾರಾಟವಾಗುವ ಸರಕು ನಮ್ಮ ಕಣ್ಣು. ಪ್ರೀಮಿಯಂ ಚಾನೆಲ್‌ನಲ್ಲಿ ಹಾಗಲ್ಲ. ಅಲ್ಲಿ ನೋಡುವವನೇ ಗಿರಾಕಿ. ಕಿಸೆಯಿಂದ ದುಡ್ಡು ತೆಗೆದು ಕೊಟ್ಟವನಿಗೆ ಇರಬೇಕಾದ ಮರ್ಯಾದೆ ಅವನಿಗೂ ಸಲ್ಲಬೇಕು ಎಂಬುದು ಆ ವ್ಯವಸ್ಥೆಯೊಳಗೇ ಅಡಗಿರುವ ಮಾತು.

ಇನ್ನು ಜಗಳದ ವಿಷಯ. ಎಟಿ ಅಂಡ್ ಟಿ ಎಂಬ ದೂರವಾಣಿ ದೈತ್ಯ 2015ರಲ್ಲಿ ಡೈರೆಕ್‌ಟಿವಿಯನ್ನು ಕೊಂಡಿತು. ಅದು ಡಿಶ್‌ನ ನೇರ ಎದುರಾಳಿ. 2018ರ ಜೂನ್‌ನಲ್ಲಿ ಅದೇ ಎಟಿ ಅಂಡ್ ಟಿ, ಎಚ್‌ಬಿಒದ ಒಡೆತನವಿದ್ದ ಟೈಮ್ ವಾರ್ನರ್ ಅನ್ನೂ ತನ್ನದಾಗಿಸಿಕೊಂಡಿತು. ಅಂದರೆ ಸರಕು ತಯಾರಿಸುವವನೂ ಅವನೇ, ಪಕ್ಕದ ಅಂಗಡಿಯ ಯಜಮಾನನೂ ಅವನೇ. ಈ ವಿಲೀನವನ್ನು ತಡೆಯಲು ಅಮೆರಿಕದ ನ್ಯಾಯ ಇಲಾಖೆ 2017ರಲ್ಲೇ ಮೊಕದ್ದಮೆ ಹೂಡಿತ್ತು. ಚಾನೆಲ್ ನಿಲ್ಲಿಸುತ್ತೇನೆಂಬ ಬೆದರಿಕೆಯೇ ಈ ಕಂಪೆನಿಯ ಕೈಯಲ್ಲಿ ಆಯುಧವಾಗುತ್ತದೆ ಎಂಬುದು ಅದರ ವಾದ. ನ್ಯಾಯಾಧೀಶ ರಿಚರ್ಡ್ ಲಿಯೋನ್ ಆ ವಾದವನ್ನು ಒಪ್ಪಲಿಲ್ಲ. 2019ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯವೂ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಈ ನಡುವೆಯೇ ಡಿಶ್‌ನ ಮನೆಗಳಲ್ಲಿ ಎಚ್‌ಬಿಒ ನಿಂತುಹೋಗಿತ್ತು. ಎಷ್ಟು ಜನ ನೋಡಿದರೂ ಸರಿ, ಇಷ್ಟು ಚಂದಾದಾರರ ಹಣ ಕೊಡಲೇಬೇಕೆಂದು ಎಟಿ ಅಂಡ್ ಟಿ ಕೇಳುತ್ತಿದೆ ಎಂದು ಡಿಶ್ ದೂರಿತು. ಡಿಶ್ ಪ್ರಾಮಾಣಿಕವಾಗಿ ಮಾತುಕತೆಗೆ ಬರುತ್ತಿಲ್ಲ, ಚಾನೆಲ್ ಕಿತ್ತುಕೊಳ್ಳುವುದು ಅದರ ಹಳೆಯ ಚಾಳಿ ಎಂದು ಎಚ್‌ಬಿಒ ದೂರಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಕತೆ. ಜಗಳವಾಡುವವರು ಕೂಸನ್ನು ಮರೆತಿಲ್ಲ. ಅದರ ಅಳುವನ್ನೇ ಆಯುಧ ಮಾಡಿಕೊಂಡಿದ್ದಾರೆ. ಇಂಥ ಜಗಳಗಳಲ್ಲಿ ಪರದೆಯ ಮೇಲೆ ಸಂದೇಶ ಹರಿದುಬರುತ್ತದೆ: ಆ ಕಂಪೆನಿಗೆ ಫೋನ್ ಮಾಡಿ, ನಿಮ್ಮ ಚಾನೆಲ್ ವಾಪಸು ಕೇಳಿ. ಇನ್ನೊಂದು ಕಡೆಯಿಂದ ಇನ್ನೊಂದು ಸಂದೇಶ: ನಿಮ್ಮ ಬಿಲ್ಲು ಹೆಚ್ಚಾಗದಿರಲೆಂದೇ ನಾವು ಹೋರಾಡುತ್ತಿದ್ದೇವೆ. ಇಬ್ಬರೂ ವೀಕ್ಷಕನ ಹೆಸರು ಹೇಳುತ್ತಾರೆ. ಇಬ್ಬರೂ ಅವನ ಸಿಟ್ಟು ಎದುರಾಳಿಯ ಬಾಗಿಲಿಗೆ ಹೋಗಲಿ ಎಂದು ಬಯಸುತ್ತಾರೆ. ಮಾತುಕತೆಯ ಮೇಜಿನ ಸುತ್ತ ಮಾತ್ರ ಅವನಿಗೊಂದು ಕುರ್ಚಿ ಇಲ್ಲ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು ಜರ್ಮನಿಯ ತತ್ವಜ್ಞಾನಿ ಕಾಂಟ್ ಹೇಳಿದ್ದು ದೊಡ್ಡ ದೊಡ್ಡ ಪಾಪಗಳ ಬಗ್ಗೆ ಮಾತ್ರವಲ್ಲ. ಒಬ್ಬನ ಸಂಜೆಯ ಬಿಡುವನ್ನು ಮತ್ತೊಬ್ಬನೊಂದಿಗಿನ ಚೌಕಾಸಿಗೆ ಪಣವಾಗಿ ಒಡ್ಡುವುದೂ ಅದೇ ಜಾತಿಗೆ ಸೇರಿದ್ದು.

ಹಾಗಾದರೆ ವೀಕ್ಷಕನ ಹಕ್ಕು ಯಾವುದು? ‘ಹಕ್ಕು’ ಎಂಬುದು ಕನ್ನಡಕ್ಕೆ ಅರಬಿ, ಫಾರ್ಸಿಗಳ ದಾರಿಯಿಂದ ಬಂದ ಮಾತು. ಉರ್ದುವಿನಲ್ಲಿ ‘ಹಕ್’ ಎಂದರೆ ಒಬ್ಬನಿಗೆ ಸಲ್ಲಬೇಕಾದ ಪಾಲೂ ಹೌದು, ಸತ್ಯವೂ ಹೌದು. ಕನ್ನಡಕ್ಕೆ ಬರುವಾಗ ಈ ಎರಡನೆಯ ಅರ್ಥ ದಾರಿಯಲ್ಲೇ ಉಳಿದುಬಿಟ್ಟಿತು. ಆದರೆ ಎರಡನ್ನೂ ಜೊತೆಗಿಟ್ಟು ನೋಡಿದರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ. ಸತ್ಯವಿಲ್ಲದ ಕಡೆ ಹಕ್ಕನ್ನು ಕೇಳಲಾಗದು; ಆದ್ದರಿಂದ ವೀಕ್ಷಕನೂ ತನ್ನ ದೂರಿನಲ್ಲಿ ಎಷ್ಟು ಸತ್ಯವಿದೆ ಎಂದು ಮೊದಲು ತೂಗಿ ನೋಡಬೇಕು.

‘ನನ್ನ ಧಾರಾವಾಹಿ ನನಗೆ ಎಂದೆಂದಿಗೂ ಸಿಗಬೇಕು’ ಎಂಬುದು ಹಕ್ಕಲ್ಲ, ಆಸೆ. ವ್ಯಾಪಾರಿ ನಾಳೆಯಿಂದ ಒಂದು ಸರಕನ್ನು ತರಿಸದಿದ್ದರೆ ಅದು ಅವನ ಇಷ್ಟ. ಎಚ್‌ಬಿಒಗೆ ಪ್ರತ್ಯೇಕ ಚಂದಾ ಇದ್ದುದರಿಂದ, ಬಾರದ ಚಾನೆಲ್‌ಗೆ ಹಣ ಕೊಡಬೇಕಿಲ್ಲ ಎಂಬಲ್ಲಿಗೆ ಆ ಲೆಕ್ಕ ಮುಗಿಯುತ್ತದೆ ಎಂದು ಕಂಪೆನಿಯ ವಕೀಲ ಹೇಳಬಹುದು. ಆದರೆ ಮುಗಿಯುವುದಿಲ್ಲ. ಡಿಶ್‌ನಂಥ ಕಂಪೆನಿಗಳು ಹೊಸ ಚಂದಾದಾರರನ್ನು ಸಾಮಾನ್ಯವಾಗಿ ಎರಡು ವರ್ಷಗಳ ಕರಾರಿಗೆ ಕಟ್ಟಿಹಾಕುತ್ತವೆ. ಅವಧಿಗೆ ಮೊದಲೇ ಬಿಟ್ಟುಹೋದರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ದಂಡ ತೆರಬೇಕು. ಆದರೆ ಅದೇ ಕರಾರಿನ ಸಣ್ಣ ಅಕ್ಷರಗಳಲ್ಲಿ, ಯಾವ ಚಾನೆಲ್‌ಗಳನ್ನು ಕೊಡಬೇಕೆಂಬುದನ್ನು ಯಾವಾಗ ಬೇಕಾದರೂ ಬದಲಿಸುವ ಸ್ವಾತಂತ್ರ್ಯವನ್ನು ಕಂಪೆನಿ ತನಗೆ ಉಳಿಸಿಕೊಂಡಿರುತ್ತದೆ. ಕೊಳ್ಳುವವನ ಕೈಗೆ ಬೇಡಿ, ಮಾರುವವನ ಕೈ ಸಲೀಸು. ಎಚ್‌ಬಿಒ ಇದೆಯೆಂದೇ ಡಿಶ್ ಹಾಕಿಸಿಕೊಂಡವನಿಗೆ ಈಗ ಎಚ್‌ಬಿಒ ಇಲ್ಲ, ಡಿಶ್ ಬಿಡುವಂತೆಯೂ ಇಲ್ಲ. ಅನ್ಯಾಯದ ಬೇರು ಇರುವುದು ಇಲ್ಲಿ. ಕಳೆದುಹೋದದ್ದು ಚಾನೆಲ್ ಎನ್ನುವುದಕ್ಕಿಂತ ಕರಾರಿನ ಸಮತೋಲ.

‘ಓದಿಯೇ ಸಹಿ ಹಾಕಿದ್ದೀರಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಆದರೆ ಒಪ್ಪಿಗೆ ಎಂಬುದಕ್ಕೆ ಅರ್ಥ ಬರುವುದು ಒಪ್ಪದಿರುವ ದಾರಿಯೂ ಇದ್ದಾಗ. ಅಂತರಜಾಲದ ಮೂಲಕ ಎಚ್‌ಬಿಒವನ್ನು ನೇರವಾಗಿ ಕೊಳ್ಳುವ ಅವಕಾಶ ಆಗಲೂ ಇತ್ತು, ತಿಂಗಳಿಗೆ ಸುಮಾರು 15 ಡಾಲರ್‌ಗೆ. ಆದರೆ ಡಿಶ್‌ನ ಬಹಳಷ್ಟು ಚಂದಾದಾರರು ಹಳ್ಳಿಗಾಡಿನವರು. ಕೇಬಲ್ಲೂ ಒಳ್ಳೆಯ ಇಂಟರ್‌ನೆಟ್ಟೂ ತಲುಪದ ಕಡೆಗಳಲ್ಲಿ ಛಾವಣಿಯ ಮೇಲಿನ ತಟ್ಟೆಯೊಂದೇ ಗತಿ. ಬೇರೆ ದಾರಿ ಎಂದರೆ ಡೈರೆಕ್‌ಟಿವಿ, ಅಂದರೆ ಜಗಳವಾಡುತ್ತಿರುವ ಯಜಮಾನನದೇ ಇನ್ನೊಂದು ಅಂಗಡಿ. ಪಟ್ಟಣದಲ್ಲಿ ಕೂತು ‘ಬೇರೆ ಕಡೆ ಕೊಂಡುಕೊಳ್ಳಲಿ’ ಎನ್ನುವುದು ಸುಲಭ.

ಇನ್ನು ‘ಇದೆಲ್ಲ ಕ್ಷುಲ್ಲಕ’ ಎನ್ನುವವರ ಮಾತು. ತಕ್ಕಡಿಯಲ್ಲಿ ಮೋಸ ಮಾಡುವವನು ಕೇಸರಿ ತೂಗುತ್ತಿದ್ದಾನೋ ಉಪ್ಪು ತೂಗುತ್ತಿದ್ದಾನೋ ಎಂಬುದರಿಂದ ಮೋಸದ ಜಾತಿ ಬದಲಾಗುವುದಿಲ್ಲ. ನಷ್ಟ ಹೆಚ್ಚು ಕಡಿಮೆ ಆಗಬಹುದು, ಅನ್ಯಾಯ ಅನ್ಯಾಯವೇ. ಅಷ್ಟೇ ಅಲ್ಲ, ಯಾರ ಬಿಡುವು ಕ್ಷುಲ್ಲಕ ಎಂದು ತೀರ್ಮಾನಿಸುವವರು ಯಾರು? ಹಾಸಿಗೆ ಹಿಡಿದ ಮುದುಕನಿಗೆ, ಒಂಟಿಯಾಗಿರುವ ವಿಧವೆಗೆ, ರಾತ್ರಿ ಪಾಳಿ ಮುಗಿಸಿ ಬಂದ ಕೆಲಸಗಾರನಿಗೆ ಸಿಗುವ ಒಂದು ಗಂಟೆಯ ಕತೆ ಎಷ್ಟು ಬೆಲೆಯದೆಂದು ಹೊರಗಿನವರು ಹೇಳಲಾಗದು. ಕತೆ ಬರೆಯುವವನಾಗಿ ನಾನು ಇಷ್ಟು ಬಲ್ಲೆ: ಕತೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಕೇಳುತ್ತಿದ್ದವನ ಮುಖ ಬಾಡುತ್ತದೆ. ಆ ಬಾಡಿದ ಮುಖವನ್ನು ಕಂಡು ನಗುವವನು ಕತೆಯ ಬೆಲೆಯನ್ನೂ ಅರಿಯ, ಮನುಷ್ಯನ ಬೆಲೆಯನ್ನೂ ಅರಿಯ.

ಆದರೂ ವೀಕ್ಷಕನನ್ನು ಪೂರ್ತಿ ಮುಗ್ಧನೆಂದು ಬಿಡಲಾಗದು. ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಭಾಗ 2019ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಪ್ರಸಾರವಾದಾಗ ಡಿಶ್‌ನಲ್ಲಿ ಎಚ್‌ಬಿಒ ಇನ್ನೂ ಬಂದಿರಲಿಲ್ಲ. ಅದು ಕಳ್ಳಪ್ರತಿಗಳಿಗೆ ಹೆಸರಾದ ಧಾರಾವಾಹಿ. ‘ಅವರು ನನ್ನಿಂದ ಕಿತ್ತುಕೊಂಡರು, ನಾನೂ ಕದ್ದು ನೋಡುತ್ತೇನೆ’ ಎಂಬ ತರ್ಕ ಇಂಥ ಸಂದರ್ಭದಲ್ಲಿ ಬಹಳ ಜನರಿಗೆ ನ್ಯಾಯವಾಗಿ ಕಾಣುತ್ತದೆ. ಆದರೆ ನನ್ನ ಕರಾರು ಇದ್ದದ್ದು ತಟ್ಟೆ ಹಾಕಿಕೊಟ್ಟ ಕಂಪೆನಿಯ ಜೊತೆ. ಅದು ಮಾತು ತಪ್ಪಿದ್ದಕ್ಕೆ ಕತೆ ಬರೆದವನ, ನಟಿಸಿದವನ, ದೀಪ ಹಿಡಿದವನ ದುಡಿಮೆ ನನಗೆ ಪುಕ್ಕಟೆ ಆಗುವುದಿಲ್ಲ. ನನಗೆ ಬರಬೇಕಾದ ಬಾಕಿಯನ್ನು ಸಾಲಗಾರನಿಂದ ವಸೂಲು ಮಾಡಬೇಕೇ ಹೊರತು ಅವನ ಪಕ್ಕದ ಮನೆಯವನಿಂದಲ್ಲ. ಹಾಗೆಯೇ ಕಾಲ್ ಸೆಂಟರಿನಲ್ಲಿ ಕೂತ ಹುಡುಗಿಯನ್ನು ಬೈಯುವುದೂ ತಪ್ಪಿದ ವಿಳಾಸಕ್ಕೆ ಕಳಿಸಿದ ಕಾಗದವೇ. ದರ ನಿಗದಿ ಮಾಡಿದ್ದು ಅವಳಲ್ಲ.

ಇನ್ನೊಂದು ಸೂಕ್ಷ್ಮವಿದೆ. ಚಾನೆಲ್ ಹೋದಾಗ ಅಳುವವರ ಜೊತೆಗೆ ‘ಒಳ್ಳೆಯದೇ ಆಯಿತು, ನಾನು ಅದನ್ನು ನೋಡುವುದೇ ಇಲ್ಲ, ನನ್ನ ಬಿಲ್ಲು ಹೆಚ್ಚಾಗದಿದ್ದರೆ ಸಾಕು’ ಎನ್ನುವವರೂ ಇರುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ನೋಡದ ಚಾನೆಲ್‌ಗೆ ಯಾಕೆ ಹಣ ಕೊಡಬೇಕು? ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2019ರ ಫೆಬ್ರವರಿಯಿಂದ ಜಾರಿಗೆ ತಂದ ಹೊಸ ದರ ಪದ್ಧತಿಯ ಹಿಂದಿದ್ದದ್ದೂ ಇದೇ ಮಾತು: ಬೇಕಾದ ಚಾನೆಲ್ ಆರಿಸಿಕೊಳ್ಳಿ, ಅದಕ್ಕಷ್ಟೇ ಕೊಡಿ. ಆದರೆ ಈ ತರ್ಕವನ್ನು ತುದಿಯವರೆಗೆ ಎಳೆದರೆ, ಕಡಿಮೆ ಜನ ನೋಡುವುದೆಲ್ಲ ಒಂದೊಂದಾಗಿ ಆರಿಹೋಗುತ್ತದೆ. ಸಣ್ಣ ಭಾಷೆಯ ಚಾನೆಲ್, ಸಣ್ಣ ರುಚಿಯ ಚಾನೆಲ್ ಮೊದಲು. ಇಂದು ಪಕ್ಕದವನ ಪರದೆ ಖಾಲಿಯಾದಾಗ ಸಂತೋಷಪಟ್ಟವನ ಸರದಿ ನಾಳೆ ಬರುತ್ತದೆ. ಆಗ ಅವನ ಜೊತೆ ನಿಲ್ಲಲು ಯಾರೂ ಉಳಿದಿರುವುದಿಲ್ಲ. ವೀಕ್ಷಕರು ಒಂದಾಗದಂತೆ ನೋಡಿಕೊಳ್ಳಲು ಕಂಪೆನಿಗಳು ಕಷ್ಟಪಡಬೇಕಾಗಿಲ್ಲ. ನಮ್ಮ ಈ ಗುಣವೇ ಸಾಕು.

ಕೊನೆಗೆ ಆದದ್ದೇನು? ಎಚ್‌ಬಿಒ 2021ರಲ್ಲಿ ಡಿಶ್‌ಗೆ ಮರಳಿತು. ಅದೇ ವರ್ಷ ಎಟಿ ಅಂಡ್ ಟಿ ಡೈರೆಕ್‌ಟಿವಿಯನ್ನು ಬೇರೆ ಕಂಪೆನಿಯಾಗಿ ಹೊರಗಿಟ್ಟಿತು. 2022ರ ಏಪ್ರಿಲ್‌ನಲ್ಲಿ ಎಚ್‌ಬಿಒ ಇದ್ದ ಬಳಗವನ್ನೂ ಕೈಬಿಟ್ಟಿತು. ಯಾವ ಸಾಮ್ರಾಜ್ಯದ ಬಲದಿಂದ ಜಗಳ ನಡೆಯಿತೋ ಆ ಸಾಮ್ರಾಜ್ಯವೇ ನಾಲ್ಕು ವರ್ಷ ಬಾಳಲಿಲ್ಲ. ಆದರೆ ವೀಕ್ಷಕ ಕಳೆದುಕೊಂಡ ಎರಡು ಮುಕ್ಕಾಲು ವರ್ಷ ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ವಿಲೀನದ ಮೊಕದ್ದಮೆ ನಡೆಯುತ್ತಿದ್ದಾಗ ಟೈಮ್ ವಾರ್ನರ್‌ನದೇ ಟರ್ನರ್ ಚಾನೆಲ್‌ಗಳ ಬಳಗ ಒಂದು ಮಾತು ಕೊಟ್ಟಿತ್ತು: ಏಳು ವರ್ಷಗಳ ಕಾಲ, ದರದ ತಕರಾರು ಬಂದರೆ ಪಂಚರ ಮುಂದೆ ಇಡೋಣ, ತೀರ್ಮಾನವಾಗುವ ತನಕ ಚಾನೆಲ್ ನಡೆಯಲಿ. ಎಚ್‌ಬಿಒ ಆ ಮಾತಿನೊಳಗೆ ಸೇರಿರಲಿಲ್ಲ. ದೊಡ್ಡವರು ಮನಸ್ಸು ಮಾಡಿದರೆ ಕೂಸಿಗೆ ಹಾಲು ಕೊಟ್ಟುಕೊಂಡೇ ಜಗಳವಾಡಬಹುದೆಂಬುದಕ್ಕೆ ಇದೇ ಸಾಕ್ಷಿ. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಇಂಥ ಜಗಳಗಳಿಂದ ಚಾನೆಲ್ ನಿಂತರೆ ಚಂದಾದಾರನಿಗೆ ಹಣ ವಾಪಸು ಕೊಡಿಸುವ ಪ್ರಸ್ತಾಪವನ್ನು ಚರ್ಚೆಗಿಟ್ಟಿತು. ನ್ಯಾಯವಾಗಿ ಇನ್ನೊಂದನ್ನೂ ಕೇಳಬೇಕು: ಮಾರುವವನು ಸರಕು ಬದಲಿಸಿದ ದಿನ, ಕೊಂಡವನು ದಂಡವಿಲ್ಲದೆ ಹೊರನಡೆಯುವಂತಿರಬೇಕು. ನಮ್ಮಲ್ಲಿ ವರ್ಷದ ಹಣ ಮುಂಗಡ ಕಟ್ಟಿ ಡಿ.ಟಿ.ಎಚ್. ಹಾಕಿಸಿಕೊಂಡವರಿಗೂ ಈ ಮಾತು ಹೊರಗಲ್ಲ.

‘ತಕರಾರು’ ಎಂಬ ಮಾತಿಗೆ ಕನ್ನಡದಲ್ಲಿ ಜಗಳಗಂಟಿಯ ವಾಸನೆ ಇದೆ. ಅದರ ಮೂಲ ಅರಬಿ ಅರ್ಥ ಬರೀ ಪುನರಾವರ್ತನೆ. ಅದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ವೀಕ್ಷಕ ಮಾಡಬೇಕಾದದ್ದೂ ಅಷ್ಟೇ. ಕೂಗಾಡದೆ, ಕದಿಯದೆ, ಎರಡು ಕಂಪೆನಿಗಳಲ್ಲಿ ಒಂದರ ಬಂಟನೂ ಆಗದೆ, ತನಗೆ ಸಲ್ಲಬೇಕಾದದ್ದನ್ನು ಸರಿಯಾದ ಬಾಗಿಲಿನಲ್ಲಿ ನಿಂತು ಮತ್ತೆ ಮತ್ತೆ ಕೇಳುವುದು. ಪಕ್ಕದ ಮನೆಯವನ ಚಾನೆಲ್ ಹೋದ ದಿನವೂ ಅದನ್ನೇ ಕೇಳುವುದು.