ಉಂಗುರದ ವಜ್ರವೂ ಪರಿಮಾಣದ ವ್ರತವೂ



ವಿವಾಹ ನಿಶ್ಚಯದ ಸಂದರ್ಭದಲ್ಲಿ ವರನು ವಧುವಿಗೆ ವಜ್ರದ ಉಂಗುರವನ್ನು ತೊಡಿಸುವ ರೂಢಿಯು ಪಶ್ಚಿಮ ದೇಶಗಳಿಂದ ಬಂದು ಈಗ ನಮ್ಮ ಅನೇಕ ಮನೆಗಳಲ್ಲಿಯೂ ನೆಲೆಯೂರಿದೆ. ಆ ರೂಢಿ ಬೇಕೇ ಬೇಡವೇ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಗೃಹಸ್ಥನಾದ ಶ್ರಾವಕನಿಗೆ ಆಭರಣವು ನಿಷಿದ್ಧವಲ್ಲ. ಅಳತೆಯಿಲ್ಲದ ಆಭರಣವು ದೋಷ. ಆದುದರಿಂದ ವಿಚಾರಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ಕೈಯಲ್ಲಿರುವ ಹಣಕ್ಕೆ ಒಂದು ಮಿತಿಯನ್ನು ಹಾಕಿಕೊಂಡು, ಆ ಮಿತಿಯೊಳಗೇ ದೊಡ್ಡದಾಗಿ ಕಾಣುವ ವಜ್ರವನ್ನು ಹುಡುಕಿ ಕೊಳ್ಳುವುದು ಮಿತವ್ಯಯವೋ, ಅಥವಾ ಮಿತವ್ಯಯದ ವೇಷ ತೊಟ್ಟ ಆಡಂಬರವೋ?

ಈ ಪ್ರಶ್ನೆಗೆ ಮಾರ್ಕೀಸ್ ಎಂಬ ಆಕಾರದ ವಜ್ರಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ನೀಳವಾಗಿ, ಎರಡು ತುದಿಗಳಲ್ಲಿಯೂ ಮೊನಚಾಗಿರುವ ಈ ಆಕಾರವು 18ನೆಯ ಶತಮಾನದ ಫ್ರಾನ್ಸಿನದು. 15ನೆಯ ಲೂಯಿ ದೊರೆಯ ಆಪ್ತಳಾಗಿದ್ದ ಮಾರ್ಕೀಸ್ ದ ಪೊಂಪದೂರ್ ಎಂಬಾಕೆಯ ಹೆಸರಿನೊಡನೆ ಐತಿಹ್ಯವು ಇದನ್ನು ಜೋಡಿಸುತ್ತದೆ. ಇದಕ್ಕೆ ನವೆತ್ ಎಂಬ ಇನ್ನೊಂದು ಹೆಸರೂ ಉಂಟು. ಆ ಫ್ರೆಂಚ್ ಮಾತಿಗೆ ನೇಕಾರನ ಲಾಳಿ ಎಂದರ್ಥ. ನಮ್ಮ ಮಗ್ಗದ ಲಾಳಿಯನ್ನು ನೆನೆದರೆ ಹರಳಿನ ರೂಪವು ಕಣ್ಣಿಗೆ ಕಟ್ಟುತ್ತದೆ.

ವಜ್ರದ ತೂಕವನ್ನು ಕ್ಯಾರಟ್ಟಿನಲ್ಲಿ ಹೇಳುತ್ತಾರೆ. 1 ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅಥವಾ ವ್ಯಾಪಾರದ ಮಾತಿನಲ್ಲಿ 100 ಸೆಂಟ್. ಆ ತೂಕದ ದುಂಡು ವಜ್ರದ ಅಡ್ಡಗಲವು ಸುಮಾರು 6.5 ಮಿಲಿಮೀಟರ್. ಅದೇ ತೂಕದ ಮಾರ್ಕೀಸ್ ವಜ್ರವಾದರೋ ಸುಮಾರು 10 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲ ಇರುತ್ತದೆ. ಕಣ್ಣು ಉದ್ದವನ್ನು ಅಳೆಯುತ್ತದೆಯೇ ಹೊರತು ತೂಕವನ್ನು ಅಳೆಯಲಾರದು. ಹೀಗಾಗಿ ಒಂದೇ ತೂಕದ ಎರಡು ಹರಳುಗಳಲ್ಲಿ ಲಾಳಿಯಾಕಾರದ್ದು ಹಿರಿದೆಂದು ತೋರುತ್ತದೆ. ಕ್ಯಾರಟ್ಟಿನ ಬೆಲೆಯೂ ಸಾಮಾನ್ಯವಾಗಿ ದುಂಡು ವಜ್ರದ್ದಕ್ಕಿಂತ ಕಡಿಮೆ. ಮಿತವಾದ ಹಣವುಳ್ಳವರಿಗೆ ಅಂಗಡಿಯವರು ಈ ಆಕಾರವನ್ನು ಸೂಚಿಸುವುದು ಈ ಕಾರಣದಿಂದಲೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಈ ಎರಡು ಹೆಸರುಗಳನ್ನು ಬೇರೆಬೇರೆಯಾಗಿ ಧ್ಯಾನಿಸುವುದು ಒಳ್ಳೆಯದು. ಮೊದಲನೆಯದು ವಸ್ತುವಿನ ಅಳತೆ, ಎರಡನೆಯದು ಬಯಕೆಯ ಅಳತೆ. ವಸ್ತುವು ಅಳತೆಯೊಳಗಿದ್ದೂ ಬಯಕೆಯು ಅಳತೆ ಮೀರಿ ಹೋಗಬಹುದು. 60,000 ರೂಪಾಯಿಯ ಉಂಗುರವನ್ನು ಕೊಂಡು, ಅದು 2 ಲಕ್ಷದ್ದೆಂದು ಜನರು ತಿಳಿಯಲಿ ಎಂದು ಹಂಬಲಿಸುವವನು ಲೆಕ್ಕದಲ್ಲಿ ಮಿತಿಯನ್ನು ಪಾಲಿಸಿದ್ದಾನೆ, ಇಚ್ಛೆಯಲ್ಲಿ ಮುರಿದಿದ್ದಾನೆ. ಅದೇ ಉಂಗುರವನ್ನು, ವಧುವಿನ ನೀಳವಾದ ಬೆರಳಿಗೆ ಆ ರೂಪವು ಒಪ್ಪುತ್ತದೆಂದೋ, ಅವಳಿಗೆ ಅದು ಇಷ್ಟವೆಂದೋ ಕೊಂಡವನಲ್ಲಿ ದೋಷವಿಲ್ಲ. ಹರಳು ಒಂದೇ, ಬೆಲೆ ಒಂದೇ, ಅಂಗಡಿಯೂ ಒಂದೇ. ಭಾವ ಮಾತ್ರ ಬೇರೆ. ತತ್ತ್ವಾರ್ಥಸೂತ್ರಕಾರರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇರಿಸದೆ ಮೂರ್ಛೆಯಲ್ಲಿ ಇರಿಸಿದುದರ ಮರ್ಮವು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ದೊಡ್ಡದಾಗಿ ಕಾಣುವ ಹರಳು ತಾನೇ ಒಂದು ಮಾಯೆಯಲ್ಲವೇ ಎಂದು ಕೇಳಬಹುದು. ಅಲ್ಲ. ಹರಳು ಯಾರಿಗೂ ಸುಳ್ಳು ಹೇಳುವುದಿಲ್ಲ. ಅದು ತನ್ನ ಆಕಾರದಂತೆ ಕಾಣುತ್ತದೆ. ನೀಳವಾದ ಗೆರೆಯ ಸೀರೆಯನ್ನುಟ್ಟ ಕುಳ್ಳಗಿನ ಹೆಂಗಸು ವಂಚಕಿಯಲ್ಲ. ಮಾಯಾಕಷಾಯವು ಹುಟ್ಟುವುದು ನಮ್ಮ ನಾಲಗೆಯಲ್ಲಿ: ಬೀಗರು ‘ಎಷ್ಟು ಕ್ಯಾರಟ್?’ ಎಂದು ಕೇಳಿದಾಗ ಹೇಳುವ ಉತ್ತರದಲ್ಲಿ, ಅಥವಾ ಅವರು ತಪ್ಪಾಗಿ ಊಹಿಸಿದಾಗ ನಾವು ತಾಳುವ ಮೌನದಲ್ಲಿ.

ಇನ್ನು ಮಿತಿಯನ್ನು ಹಾಕುವವರು ಯಾರು ಎಂಬುದನ್ನು ನೋಡೋಣ. ಡಿ ಬಿಯರ್ಸ್ ವಜ್ರ ಸಂಸ್ಥೆಯು 1930ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಜಾಹೀರಾತುಗಳ ಮೂಲಕ ನಿಶ್ಚಿತಾರ್ಥದ ವಜ್ರದುಂಗುರವನ್ನು ಪ್ರಚಾರ ಮಾಡಿತು. ವಜ್ರವು ಶಾಶ್ವತವೆಂಬ ಅದರ ಪ್ರಸಿದ್ಧ ಘೋಷಣೆಯನ್ನು 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬ ಜಾಹೀರಾತು ಬರಹಗಾರ್ತಿ ರಚಿಸಿದಳು. 1980ರ ದಶಕದ ಜಾಹೀರಾತುಗಳು ಇನ್ನೂ ಮುಂದೆ ಹೋಗಿ, ಉಂಗುರಕ್ಕೆ ಎರಡು ತಿಂಗಳ ಸಂಬಳವನ್ನು ವೆಚ್ಚ ಮಾಡುವುದು ತಕ್ಕದ್ದೆಂದು ವರನಿಗೆ ಬೋಧಿಸಿದವು. ಎಂಥ ವಿಪರ್ಯಾಸ! ಪರಿಮಾಣವೇನೋ ಇದೆ, ಆದರೆ ಅದನ್ನು ಗೊತ್ತುಮಾಡಿದವನು ಮಾರುವವನು. ಮಾರುವವನು ಹಾಕಿದ ಮಿತಿಯು ವ್ರತವಾಗಲಾರದು, ಅದು ಬಲೆ. ವ್ರತವೆಂದರೆ ಕೊಳ್ಳುವವನು ತನ್ನ ಆದಾಯ, ತಂದೆತಾಯಿಗಳ ಔಷಧಿ, ತಂಗಿಯ ವಿದ್ಯಾಭ್ಯಾಸ, ದಾನಕ್ಕೆ ತೆಗೆದಿರಿಸಿದ ಭಾಗ ಇವೆಲ್ಲವನ್ನೂ ಎಣಿಸಿ, ಮನೆಯಲ್ಲಿ ಕುಳಿತು, ಹರಳನ್ನು ಕಣ್ಣಿನಿಂದ ನೋಡುವ ಮೊದಲೇ ನಿಶ್ಚಯಿಸಿದ ಅಳತೆ.

ನೋಡಿದ ಮೇಲೆ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. 60,000 ಎಂದು ಹೊರಟವನಿಗೆ ಅಂಗಡಿಯವನು 65,000ದ್ದನ್ನು ತೋರಿಸುತ್ತಾನೆ; ಹೆಚ್ಚೇನು, ಐದು ಸಾವಿರ. ಅದರ ಪಕ್ಕದಲ್ಲಿ 75,000ದ್ದು ಹೊಳೆಯುತ್ತದೆ. ಉಳಿದುದನ್ನು ಕಂತಿನಲ್ಲಿ ಕಟ್ಟಬಹುದು ಎಂಬ ಮಾತು ಬರುವ ಹೊತ್ತಿಗೆ ಲೆಕ್ಕ 90,000ಕ್ಕೆ ಮುಟ್ಟಿರುತ್ತದೆ. ಹೀಗೆ ಸಾಲದಲ್ಲಿ ಆರಂಭವಾದ ದಾಂಪತ್ಯದಲ್ಲಿ ಆ ಸಾಲವನ್ನು ತೀರಿಸುವವರಲ್ಲಿ ಉಂಗುರ ತೊಟ್ಟ ಮಗಳೂ ಒಬ್ಬಳೆಂಬುದನ್ನು ಮರೆಯಬಾರದು.

ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ಸಂಪತ್ತನ್ನು ಕಂಡು ಬೆರಗಾಗುವುದು. 1 ಕ್ಯಾರಟ್ ಎಂಬ ಪೂರ್ಣಾಂಕಕ್ಕೆ ಲೋಕವು ತೆರುವ ಹಣವು ಈ ಬೆರಗಿನ ಸುಂಕವೇ ಸರಿ. 90 ಸೆಂಟಿಗೂ 100 ಸೆಂಟಿಗೂ ಇರುವ ಅಂತರ 20 ಮಿಲಿಗ್ರಾಂ, ಸುಮಾರು ಒಂದು ಅಕ್ಕಿಕಾಳಿನ ತೂಕ. ಬೆರಳಿನ ಮೇಲೆ ಅದನ್ನು ಗುರುತಿಸುವುದು ಕಷ್ಟ. ಆದರೂ ಅಂಕಿಯು ಪೂರ್ಣವಾದೊಡನೆ ಪ್ರತಿ ಕ್ಯಾರಟ್ಟಿನ ದರವೇ ಮೇಲೇರುತ್ತದೆ. ವಿಸ್ಮಯವನ್ನು ಬಿಟ್ಟವನಿಗೆ ಆ ಹಣ ತಾನಾಗಿಯೇ ಉಳಿಯುತ್ತದೆ. ಅಣುವ್ರತವು ಇಹಕ್ಕೂ ಹಿತವೆಂಬುದಕ್ಕೆ ಇದೊಂದು ಸಣ್ಣ ಸಾಕ್ಷಿ.

ಉಳಿದ ಹಣವನ್ನು ಎಲ್ಲಿ ಹಾಕಬೇಕು? ಹರಳಿನ ಗುಣದಲ್ಲಿ. ಮಾರ್ಕೀಸ್ ವಜ್ರದ ನಡುವೆ, ಕತ್ತಿಗೆ ಕಟ್ಟುವ ಬೋ ಟೈ ಆಕಾರದ ಒಂದು ಕಪ್ಪು ನೆರಳು ಅಡ್ಡವಾಗಿ ಬೀಳುವುದುಂಟು. ಬೆಳಕನ್ನು ಸರಿಯಾಗಿ ಹಿಂದಿರುಗಿಸದ ಕಡಿತದಲ್ಲಿ ಅದು ಢಾಳಾಗಿ ತೋರುತ್ತದೆ. ಪ್ರಮಾಣಪತ್ರದ ಅಂಕಿಗಳಿಂದ ಮಾತ್ರವೇ ಅದನ್ನು ತಿಳಿಯಲಾಗದು. ಅಂಗಡಿಯ ಪ್ರಖರ ದೀಪದಿಂದ ಹಗಲಿನ ಬೆಳಕಿಗೆ ತಂದು, ಅತ್ತಿತ್ತ ಓರೆಮಾಡಿ ನೋಡಬೇಕು. ಎರಡು ತುದಿಗಳು ಒಂದೇ ನೇರದಲ್ಲಿರಬೇಕು. ಕೊಂಚ ಓರೆಯಾದರೂ ಕಣ್ಣಿಗೆ ಬಡಿಯುತ್ತದೆ. ಹಳದಿಯ ಛಾಯೆಯಿದ್ದರೆ ಅದು ತುದಿಗಳಲ್ಲಿ ಹೆಚ್ಚು ಕಾಣುತ್ತದೆ. ಹಳದಿ ಚಿನ್ನದಲ್ಲಿ ಕೂರಿಸಿದರೆ ಅಷ್ಟಾಗಿ ತೋರದು. ಮೊನಚಾದ ತುದಿ ಪೆಟ್ಟು ತಗುಲಿದರೆ ಮುರಿಯಬಲ್ಲದು. ಆದಕಾರಣ ಎರಡೂ ತುದಿಗಳನ್ನು ಲೋಹದ ‘ವಿ’ ಆಕಾರದ ಹಿಡಿಕೆಯಿಂದ ಕಾಪಾಡಿರಬೇಕು. ಚಿಕ್ಕದಾದರೂ ಚೊಕ್ಕವಾದ ಹರಳು, ದೊಡ್ಡದಾಗಿ ಮಂಕಾದ ಹರಳಿಗಿಂತ ಲೇಸು.

ಅಚೌರ್ಯ ವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿ ಸಂಬಂಧಪಡುತ್ತವೆ. ಕಳವಿನ ಮಾಲನ್ನು ಕೊಳ್ಳುವ ತದಾಹೃತಾದಾನವು ಒಂದು. 1990ರ ದಶಕದಲ್ಲಿ ಅಂಗೋಲ, ಸಿಯೆರಾ ಲಿಯೋನ್ ದೇಶಗಳಲ್ಲಿ ದಂಗೆಕೋರರು ವಜ್ರವನ್ನು ಮಾರಿ ಶಸ್ತ್ರ ಕೊಂಡರು. ಅದನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆಯೆಂಬ ಪ್ರಮಾಣೀಕರಣವು ಜಾರಿಗೆ ಬಂದಿತು. ಆದರೆ ಅದು ಕಚ್ಚಾ ಹರಳಿಗೆ ಮಾತ್ರ ಅನ್ವಯಿಸುತ್ತದೆ; ಗಣಿಯ ಕೂಲಿಕಾರನ ಕಷ್ಟವು ಅದರ ವ್ಯಾಪ್ತಿಗೆ ಬಾರದು. ಹರಳು ಎಲ್ಲಿಯದೆಂದು ಕೇಳುವುದು ಆದುದರಿಂದ ಶ್ರಾವಕನ ಕರ್ತವ್ಯ. ಇನ್ನೊಂದು ಪ್ರತಿರೂಪಕ ವ್ಯವಹಾರ, ಅಂದರೆ ಒಂದರಂತೆ ತೋರುವ ಇನ್ನೊಂದನ್ನು ಅದೇ ಎಂದು ನಡೆಸುವುದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ವಜ್ರವನ್ನು ಯಂತ್ರದಲ್ಲಿ ತಯಾರಿಸಿದುದನ್ನು 1955ರಲ್ಲಿ ಪ್ರಕಟಿಸಿತು. ಈಗ ಸೂರತ್ತಿನಲ್ಲಿಯೂ ಅಂಥ ವಜ್ರವನ್ನು ಬೆಳೆಸುತ್ತಾರೆ. ಅದೂ ಇಂಗಾಲದ ಹರಳೇ. ಬರಿಗಣ್ಣಿಗೆ ಭೇದ ತಿಳಿಯದು. ಬೆಲೆ ಮಾತ್ರ ಬಹಳ ಕಡಿಮೆ. ಅದನ್ನು ಕೊಳ್ಳುವುದು ಹೀನವಲ್ಲ. ನೆಲವನ್ನು ಅಗೆಯುವ ಆರಂಭಹಿಂಸೆಯೂ ಅದರಲ್ಲಿಲ್ಲ. ಅದಕ್ಕೆ ಹಿಡಿಯುವ ವಿದ್ಯುಚ್ಛಕ್ತಿ ಅಲ್ಪವಲ್ಲವೆಂಬುದೂ ನಿಜ. ಆದರೆ ಗಣಿಯದೆಂದು ಹೇಳಿ ಅದನ್ನು ತೊಡಿಸಿದರೆ ಅಂದೇ ಅತಿಚಾರ ಸಂಭವಿಸಿತು.

ಆದುದರಿಂದ ತರುಣರಿಗೆ ಹೇಳತಕ್ಕ ಮಾತು ಇಷ್ಟೆ. ಮಿತಿಯನ್ನು ಮನೆಯಲ್ಲಿ ನಿಶ್ಚಯಿಸಿರಿ. ಅದನ್ನು ಹಿರಿಯರೊಬ್ಬರಿಗೆ ಬಾಯಿಬಿಟ್ಟು ಹೇಳಿರಿ. ಅಂಗಡಿಯಲ್ಲಿ ಅದನ್ನು ಒಂದು ರೂಪಾಯಿಯಷ್ಟೂ ಸಡಿಲಿಸಬೇಡಿರಿ. ಕೊಂಡ ಹರಳಿನ ತೂಕ, ಬೆಲೆ, ಹುಟ್ಟು ಮೂರನ್ನೂ ಉಂಗುರ ತೊಡಿಸುವ ಮೊದಲೇ ವಧುವಿಗೆ ತಿಳಿಸಿರಿ. ಕೊಟ್ಟ ಬೆಲೆಗೆ ವಜ್ರವನ್ನು ಮರಳಿ ಮಾರುವುದು ಬಹುಶಃ ಸಾಧ್ಯವಾಗದು. ಆಪತ್ಕಾಲದ ಗಂಟೆಂದು ಅದನ್ನು ಎಣಿಸಬೇಡಿರಿ.

ಹಿರಿಯರಿಗೂ ಒಂದು ಮಾತಿದೆ. ಸೊಸೆಯ ಬೆರಳನ್ನು ಹಿಡಿದು ಹರಳಿನ ಅಳತೆಯನ್ನು ನೋಡುವ ನೆಂಟರಿಷ್ಟರು ಇರುವವರೆಗೆ, ಸಾಲ ಮಾಡುವ ವರನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಆ ಹುಡುಗನ ವ್ರತಭಂಗದಲ್ಲಿ ಕೇಳಿದವರಿಗೂ ಪಾಲುಂಟು. ಕಾರಿತ, ಅನುಮೋದನಗಳೆರಡೂ ಆಸ್ರವದ ದ್ವಾರಗಳೇ. ಮುಂದಿನ ಸಲ ಯಾರದಾದರೂ ಮನೆಯ ನಿಶ್ಚಿತಾರ್ಥಕ್ಕೆ ಹೋದಾಗ, ಉಂಗುರ ಎಷ್ಟರದೆಂದು ಕೇಳದೆ ಹರಸಿ ಬರುವ ನಿಯಮವನ್ನು ನಾವು ಕೈಕೊಳ್ಳಬಹುದು. ಒಂದು ಹೊತ್ತಿನ ಊಟವನ್ನು ಬಿಡುವುದಕ್ಕಿಂತ ಆ ಒಂದು ಪ್ರಶ್ನೆಯನ್ನು ಬಿಡುವುದು ಕೆಲವರಿಗೆ ಕಷ್ಟವೆನಿಸೀತು. ಕಷ್ಟವಾದುದರಿಂದಲೇ ಅದು ನಿಯಮವಾಗಲು ಯೋಗ್ಯ.