ಆಟದ ರೈಲೂ ಅಜ್ಜಿಯ ಮಂಚವೂ

ಹಾಸನ–ಹೊಳೆನರಸೀಪುರದ ರೈಲುದಾರಿಯನ್ನು ಮನೆಯಲ್ಲೇ ಪುಟ್ಟದಾಗಿ ಕಟ್ಟಬೇಕೆಂದು ನಿಮ್ಮ ಮಗ ಹಟ ಹಿಡಿದಿದ್ದಾನೆ ಎನ್ನಿ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ತಂದು ನಕ್ಷೆ ಬರೆಯಲು ಕುಳಿತಿರಿ. ಎಚ್‌ಒ ಅಳತೆಯೆಂದರೆ ನಿಜದ 87ರಲ್ಲಿ ಒಂದು ಪಾಲು. ದಾರಿ ಮೂವತ್ತೇ ಕಿಲೋಮೀಟರ್ ಎಂದುಕೊಂಡರೂ ಸುಮಾರು 345 ಮೀಟರ್ ಹಳಿ ಬೇಕು! ಬಹಳಷ್ಟನ್ನು ಬಿಡಲೇಬೇಕು. ಹಲಗೆಯಲ್ಲಿ ಚನ್ನರಾಯಪಟ್ಟಣ, ಅರಕಲಗೂಡು ಇಲ್ಲದಿದ್ದರೆ ಆ ಊರಿನವರಿಗೇನೂ ನಷ್ಟವಿಲ್ಲ. (ಅರಕಲಗೂಡಿಗೆ ನಿಜದಲ್ಲೂ ರೈಲಿಲ್ಲ, ಪಾಪ.)

ತೊಡಕು ಬೇರೆಡೆ ಇದೆ. ಹಲಗೆ ಗೋಡೆಗೆ ಒತ್ತಿದ್ದರೆ ಆಚೆ ಅಂಚಿನಲ್ಲಿ ಹಳಿ ತಪ್ಪಿದ ಬೋಗಿಗೆ ಕೈ ಎಟುಕದು. ಸುತ್ತ ಓಡಾಡಲು ಜಾಗ ಬೇಕು. ಆಗ ಕಣ್ಣು ಬೀಳುವುದು ಅಜ್ಜಿಯ ಮಂಚದ ಮೇಲೆ.

"ಅಮ್ಮಾ, ನೀನು ಅಡುಗೆಮನೆ ಪಕ್ಕ ಮಲಗಿದ್ರೆ ಆಗಲ್ವಾ?"

"ಆಯ್ತು ಬಿಡಪ್ಪ."

ಇದನ್ನು ಒಪ್ಪಿಗೆ ಎನ್ನೋಣವೇ? ಗೊರೂರಿನ ಅಣೆಕಟ್ಟಿನಿಂದ ಎಷ್ಟೋ ಹೊಲಗಳು ಹಸಿರಾದವು, ನಿಜ. ಆದರೆ ಮಳೆಗಾಲದ ಹಿನ್ನೀರಿನಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ಕಂಡವರಿಗೆ ಗೊತ್ತು: ನಕ್ಷೆ ಬರೆದವರು ಒಬ್ಬರು, ಗಂಟುಮೂಟೆ ಕಟ್ಟಿದವರು ಇನ್ನೊಬ್ಬರು. ಅಣೆಕಟ್ಟಿಗೆ ಬೇರೆ ಜಾಗ ಹುಡುಕುವುದು ಸುಲಭವಲ್ಲ. ಆಟದ ರೈಲಿಗೆ?

ಕಾಗದದ ಮೇಲೆ ಮೊದಲು ಮಂಚವನ್ನೇ ಬರೆಯಿರಿ. ಉಳಿದ ಗೋಡೆಯುದ್ದಕ್ಕೂ ಒಂದೂವರೆ ಅಡಿಯ ಕಿರುಹಲಗೆ ಸಾಕು. ರೈಲು ಸುತ್ತು ಹೊಡೆಯುವುದಿಲ್ಲ. ಹಾಸನಕ್ಕೆ ಹೋಗಿ, ಎಂಜಿನ್ ಬದಲಿಸಿಕೊಂಡು ಹಿಂದಿರುಗುತ್ತದೆ. ಮಗನಿಗೆ ಕೊಂಚ ಬೇಸರವಾದೀತು. ಮಂಚದ ತಲೆದಿಂಬಿನ ಬಳಿಯೇ ಹೊಳೆನರಸೀಪುರ ಬರುವಂತೆ ನೋಡಿಕೊಳ್ಳಿ. ಹಸಿರು ಬಾವುಟ ಅಜ್ಜಿಯ ಕೈಲಿರಲಿ.