ಕೂಡಿಸಿದ ಚಿತ್ರ ಮತ್ತು ಸತ್ಯಾಣುವ್ರತ

ಮದುವೆಯ ಸಮೂಹಚಿತ್ರದಲ್ಲಿ ವರನ ಹಿಂದೆ ಆತನ ತಂದೆಯವರು ನಿಂತಿದ್ದಾರೆ. ಅವರು ಸ್ವರ್ಗಸ್ಥರಾದದ್ದು ಆ ಮದುವೆಗೆ ಆರು ವರ್ಷ ಮೊದಲು. ಸ್ಟುಡಿಯೋದವರು ಹಳೆಯ ಭಾವಚಿತ್ರದಿಂದ ಅವರ ರೂಪವನ್ನು ಬಿಡಿಸಿ, ಮದುವೆಯ ಚಿತ್ರದ ಮೇಲೆ ಇನ್ನೊಂದು ಪದರವಾಗಿ ಇರಿಸಿ, ಅಂಚುಗಳನ್ನು ಮೃದುಗೊಳಿಸಿ, ಮಂಟಪದ ಬೆಳಕಿಗೆ ಮುಖದ ಬಣ್ಣವನ್ನು ಹೊಂದಿಸಿ, ನೆರಳನ್ನೂ ಮೂಡಿಸಿದ್ದಾರೆ. ಇಂತಹ ಚಿತ್ರಗಳು ಇಂದು ಅನೇಕ ಮನೆಗಳ ಗೋಡೆಯ ಮೇಲಿವೆ. ಇದು ಪ್ರೀತಿಯಿಂದ ಮಾಡಿಸಿದ್ದೆಂಬುದರಲ್ಲಿ ಸಂದೇಹವಿಲ್ಲ. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನ ಮನೆಯಲ್ಲಿ ಇದು ಸಲ್ಲುವುದೇ ಎಂಬುದು ವಿಚಾರಣೀಯ.

ಛಾಯಾಚಿತ್ರಗಳನ್ನು ಬೆಸೆಯುವ ವಿದ್ಯೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. 1857ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದರ್ಶನದಲ್ಲಿ ಆಸ್ಕರ್ ರೈಲಾಂಡರ್ ಎಂಬ ಕಲಾವಿದರು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿದ ದೊಡ್ಡ ಚಿತ್ರವೊಂದನ್ನು ಇರಿಸಿದ್ದರು. ಒಂದು ಕಡೆ ಭೋಗದ ದಾರಿ, ಇನ್ನೊಂದು ಕಡೆ ಸದಾಚಾರದ ದಾರಿ, ನಡುವೆ ಇಬ್ಬರು ತರುಣರು. ಅದೊಂದು ರೂಪಕವೆಂದು ನೋಟಮಾತ್ರದಿಂದಲೇ ತಿಳಿಯುವಂತಿತ್ತು. 1990ರಲ್ಲಿ ಫೋಟೋಶಾಪ್ ಬಂದು, 1994ರ ಆವೃತ್ತಿಯಲ್ಲಿ ಪದರಗಳ ಸೌಲಭ್ಯವೂ ಸೇರಿದ ಮೇಲೆ, ಕತ್ತಲೆಕೋಣೆಯ ದೀರ್ಘಶ್ರಮ ಮೇಜಿನ ಮೇಲಿನ ಅಲ್ಪಕಾಲದ ಕೆಲಸವಾಯಿತು.

2003ರ ಮಾರ್ಚ್‌ನಲ್ಲಿ ಇರಾಕಿನ ಬಸ್ರಾ ಬಳಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಬ್ರಯಾನ್ ವಾಲ್ಸ್ಕಿ ಅಲ್ಪ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಬೆಸೆದು ಒಂದಾಗಿಸಿದರು. ಜನರಿಗೆ ಕೈಸನ್ನೆ ಮಾಡುವ ಬ್ರಿಟಿಷ್ ಸೈನಿಕ ಒಂದರಿಂದ ಬಂದನು. ಮಗುವನ್ನೆತ್ತಿಕೊಂಡ ವ್ಯಕ್ತಿ ಮತ್ತೊಂದರಿಂದ. ಸೈನಿಕನೂ ನಿಜ, ತಂದೆಯಂತೆ ಮಗುವನ್ನು ಅಪ್ಪಿಕೊಂಡವನೂ ನಿಜ. ಅವರಿಬ್ಬರೂ ಹಾಗೆ ಎದುರುಬದುರಾದ ಆ ಕ್ಷಣ ಮಾತ್ರ ಎಂದೂ ಇರಲಿಲ್ಲ. ಹಿನ್ನೆಲೆಯ ಕೆಲವರು ಎರಡೆರಡು ಬಾರಿ ಕಾಣಿಸಿಕೊಂಡದ್ದರಿಂದ ಗುಟ್ಟು ಬಯಲಾಗಿ, ಅವರು ಕೆಲಸವನ್ನು ಕಳೆದುಕೊಂಡರು.

ಚಿತ್ರ ಸುಂದರವಾಗಿಯೇ ಇತ್ತು. ಆದರೆ ಪತ್ರಿಕೆಯ ಪುಟದಲ್ಲಿ ಛಾಯಾಚಿತ್ರವು ಸಾಕ್ಷಿಯ ಸ್ಥಾನದಲ್ಲಿ ನಿಂತಿರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಆಡದ ಮಾತನ್ನು ಆಡಿದರೆಂದೂ, ನಡೆಯದ್ದನ್ನು ನಡೆಯಿತೆಂದೂ ಬರೆದಿಡುವ ಕಾರ್ಯವದು. ಓಲೆಯ ಮೇಲೆ ಬರೆದರೇನು, ಪರದೆಯ ಮೇಲೆ ಬೆಸೆದರೇನು?

ಹಾಗೆಂದು ಮದುವೆಯ ಚಿತ್ರವನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅವಸರವಾದೀತು. ಗೊಮ್ಮಟಸಾರದಲ್ಲಿ ನೇಮಿಚಂದ್ರಾಚಾರ್ಯರು ಹೇಳುವ ಹತ್ತು ವಿಧದ ಸತ್ಯಗಳಲ್ಲಿ ಸ್ಥಾಪನಾಸತ್ಯವೂ ಒಂದು. ಚಂದ್ರಪ್ರಭರ ಪ್ರತಿಮೆಯನ್ನು ಚಂದ್ರಪ್ರಭರೆಂದೇ ಕರೆಯುವುದು ಸುಳ್ಳಲ್ಲ, ಏಕೆಂದರೆ ಕರೆಯುವವನೂ ಕೇಳುವವನೂ ಅದು ಸ್ಥಾಪನೆಯೆಂದು ಬಲ್ಲರು. ಮಗನ ಹಿಂದೆ ತಂದೆಯನ್ನು ನಿಲ್ಲಿಸಿದ ಮನೆಯವರೂ ಅದನ್ನು ಬಲ್ಲರು. ಅಲ್ಲಿ ಯಾರೂ ಮೋಸಹೋಗಿಲ್ಲ.

ತೊಡಕು ಇರುವುದು ಕಾಲದಲ್ಲಿ. ಬಲ್ಲವರು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ, ಚಿತ್ರ ಉಳಿಯುತ್ತದೆ. ಐವತ್ತು ವರ್ಷಗಳ ಅನಂತರ ಮೊಮ್ಮಗನು ಅದನ್ನು ನೋಡಿ ಅಜ್ಜನವರು ಮದುವೆಯಲ್ಲಿದ್ದರೆಂದೇ ನಂಬುವನು. ಬಸದಿಯ ಸ್ಮರಣಸಂಚಿಕೆಗೆ ಹಳೆಯ ಚಿತ್ರಗಳನ್ನು ಕೂಡಿಹಾಕುವ ಟ್ರಸ್ಟಿನವರ ಕೈಗೆ ಪಂಚಕಲ್ಯಾಣದ ಇಂಥದೊಂದು ಬೆಸುಗೆಯ ಚಿತ್ರ ಸಿಕ್ಕರೆ, ಇಲ್ಲದ ದಾನಿಯೊಬ್ಬರು ಆ ಉತ್ಸವದಲ್ಲಿ ಉಪಸ್ಥಿತರಾಗಿಬಿಡುತ್ತಾರೆ. ಯಾರೊಬ್ಬರೂ ಸುಳ್ಳಾಡದೆಯೇ ಸ್ಥಾಪನೆಯು ಕೂಟಲೇಖವಾಗಿ ಮಾರ್ಪಡುತ್ತದೆ. ಮಾಡಿದವನ ಮನಸ್ಸು ಶುದ್ಧವಾಗಿತ್ತೆಂಬುದು ಆತನ ಕರ್ಮಬಂಧದ ಲೆಕ್ಕಕ್ಕೆ ಒದಗೀತು; ಓದುಗನ ತಪ್ಪು ತಿಳಿವಳಿಕೆಗೆ ಅದು ಔಷಧವಲ್ಲ.

ಕೆಲವು ಹಿರಿಯರು ಚಿತ್ರದ ಬೆನ್ನಿನ ಮೇಲೆ, ಇಂಥವರ ರೂಪವನ್ನು ಇಂಥ ವರ್ಷ ಸೇರಿಸಲಾಗಿದೆ ಎಂದು ಎರಡು ಸಾಲು ಬರೆಸುವುದುಂಟು. ಗೋಡೆಯ ಕಡೆ ತಿರುಗಿದ ಆ ಬರಹ ವಿಧವೆಯಾದ ತಾಯಿಯ ಕಣ್ಣಿಗೆ ಬಿದ್ದು ನೋಯಿಸುವುದಿಲ್ಲ. ಎಂದಾದರೊಂದು ದಿನ ಚೌಕಟ್ಟನ್ನು ಬಿಚ್ಚುವವನಿಗೆ ಸಿಗುತ್ತದೆ. ಮೊಬೈಲಿನಲ್ಲಿ ಬಂಧುಗಳಿಗೆ ಕಳುಹಿಸುವ ಪ್ರತಿಗೆ ಮಾತ್ರ ಬೆನ್ನಿಲ್ಲ. ಅಲ್ಲಿ ಆ ಎರಡು ಸಾಲನ್ನು ಚಿತ್ರದ ಕೆಳಗಿನ ಅಂಚಿನಲ್ಲಿಯೇ, ತಾಯಿಗೂ ಕಾಣುವಂತೆ, ಬರೆಸಬೇಕಾಗುತ್ತದೆ.